ಅಮ್ಮನ ಪಾಲಿನ ಸ್ಟಾಪ್

‘ಮನೆಯಲ್ಲಿ ಎಲ್ಲರನ್ನೂ ಕೇಳಿಯೇ ತೀರ್ಮಾನ ಮಾಡಿದ್ದೇವೆ’ ಎಂದು ಎದೆ ತಟ್ಟಿಕೊಂಡು ಹೇಳುತ್ತೀರಲ್ಲ, ಆ ‘ಎಲ್ಲರನ್ನೂ’ ನೀವು ಎಂದಾದರೂ ಎಣಿಸಿ ನೋಡಿದ್ದೀರಾ?

ಇಲ್ಲ ತಾನೆ? ಹಾಗಾದರೆ ಈ ಮನೆಯ ಊಟದ ಮೇಜಿನ ಬಳಿ ಬಂದು ಸ್ವಲ್ಪ ಹೊತ್ತು ನಿಲ್ಲಿ. ಸದ್ದು ಮಾಡಬೇಡಿ, ಸಭೆ ನಡೆಯುತ್ತಿದೆ.

“ಒಬ್ಬರ ಹಿಂದೆ ಒಬ್ಬರು ಮಾತಾಡಿ! ಓವರ್‌ಟೇಕ್ ಮಾಡಬಾರದು!” ಎಂದು ಅಪ್ಪ ಸ್ಕೇಲಿನಿಂದ ಮೇಜನ್ನು ಕುಟ್ಟಿದರು.

ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ ಪಕ್ಕದ ಸೀಟಿನಲ್ಲಿ ಕುಳಿತು ಜನರನ್ನು ಬೈಯುವುದು ಅವರ ಉದ್ಯೋಗ. ಸಂಜೆ ಮನೆಗೆ ಬಂದ ಮೇಲೂ ಆ ಸೀಟಿನಿಂದ ಅವರು ಇಳಿಯುತ್ತಿರಲಿಲ್ಲ.

ಮೇಜಿನ ಮೇಲೆ ದೊಡ್ಡ ಮ್ಯಾಪ್ ಹರಡಿತ್ತು. ರಜೆಯಲ್ಲಿ ಕಾರಿನಲ್ಲಿ ನಾಲ್ಕು ರಾಜ್ಯ ಸುತ್ತಿ ಬರುವುದು ಎಂದು ನಿಶ್ಚಯವಾಗಿತ್ತು. ಎಲ್ಲೆಲ್ಲಿ ನಿಲ್ಲಿಸಬೇಕು ಎಂಬುದಷ್ಟೇ ಬಾಕಿ.

“ನಮ್ಮ ಮನೇಲಿ ಪ್ರಜಾಪ್ರಭುತ್ವ,” ಎಂದು ಅಪ್ಪ ಗಂಭೀರವಾಗಿ ಘೋಷಿಸಿದರು. “ತಲೆಗೊಂದು ಸ್ಟಾಪ್. ನನಗೂ ಒಂದೇ. ಚಿಕ್ಕೋರು ದೊಡ್ಡೋರು ಅನ್ನೋ ಭೇದ ಇಲ್ಲ.”

ಈ ಮಾತು ಲಾಯರಮ್ಮನಿಗೆ ಬಹಳ ಹಿಡಿಸಿತು.

ಲಾಯರಮ್ಮ ಎಂದರೆ ಕಪ್ಪು ಕೋಟು ಹಾಕಿಕೊಂಡ ದೊಡ್ಡ ಹೆಂಗಸು ಎಂದುಕೊಳ್ಳಬೇಡಿ. ಅವಳು ಐದನೆಯ ತರಗತಿಯ ಹುಡುಗಿ. ಅಣ್ಣನ ಪಾಲಿಗೆ ದೊಡ್ಡ ತುಂಡು ಕೇಕ್ ಬಂದಿದೆ ಎಂಬ ಅನುಮಾನ ಬಂದರೆ ಸಾಕು, ಕಂಪಾಸ್ ಬಾಕ್ಸಿನಿಂದ ಸ್ಕೇಲ್ ತೆಗೆದು ಅಳೆಯುತ್ತಿದ್ದಳು. ಅದಕ್ಕೇ ಮನೆಯವರೆಲ್ಲ ಅವಳಿಗೆ ಆ ಹೆಸರಿಟ್ಟಿದ್ದರು. ಅವರು ಇಟ್ಟದ್ದು ಗೇಲಿಗೆ. ಅವಳು ಸ್ವೀಕರಿಸಿದ್ದು ಬಿರುದಿನಂತೆ.

ಅಪ್ಪ ತಮ್ಮ ಪಾಲಿಗೆ ಒಂದು ಅಣೆಕಟ್ಟನ್ನು ಆರಿಸಿಕೊಂಡರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಾವ, ಅಂದರೆ ಅಮ್ಮನ ತಮ್ಮ, ಒಂದು ಹಳೆಯ ಕೋಟೆಯನ್ನು ತೋರಿಸಿದ. ಹೈಸ್ಕೂಲಿನ ಅಣ್ಣನಿಗೆ ಜಲಪಾತ ಬೇಕಿತ್ತು. ನೀರು ನೋಡುವುದಕ್ಕಲ್ಲ, ನೀರಿನ ಮುಂದೆ ತಾನು ನಿಂತ ಫೋಟೊ ನೋಡುವುದಕ್ಕೆ.

“ನನಗೆ ಮೊಸಳೆ ಪಾರ್ಕ್!” ಎಂದಳು ಲಾಯರಮ್ಮ.

“ಅಷ್ಟು ದೂರ ಹೋಗೋದ್ಯಾಕೆ? ಬಾತ್‌ರೂಮಿನ ಕನ್ನಡಿ ನೋಡ್ಕೋ,” ಎಂದ ಅಣ್ಣ.

“ಅಪ್ಪಾ, ಇವನು ಓವರ್‌ಟೇಕ್ ಮಾಡ್ತಿದ್ದಾನೆ!”

ಅಪ್ಪ ಪ್ರತಿಯೊಂದು ಜಾಗಕ್ಕೂ ಒಂದೊಂದು ಗುಂಡುಪಿನ್ನು ಚುಚ್ಚಿದರು. ಪಿನ್ನುಗಳು ಅಮ್ಮನವು. ಅಮ್ಮನ ಹೊಲಿಗೆ ಡಬ್ಬಿಯಿಂದ ಹೇಳದೆ ಕೇಳದೆ ತಂದಂಥವು.

ಅಮ್ಮ ಒಳಕೋಣೆಯಲ್ಲಿದ್ದಳು. ಸ್ಕೂಲ್ ಯೂನಿಫಾರ್ಮ್ ಹೊಲಿಯುವುದು ಅವಳ ಕೆಲಸ. ರಜೆ ಮುಗಿಯುವುದರೊಳಗೆ ಒಂದು ರಾಶಿ ಚಡ್ಡಿ, ಒಂದು ರಾಶಿ ಷರ್ಟು, ಒಂದು ರಾಶಿ ಲಂಗ ಆಗಬೇಕಿತ್ತು. ಪ್ರವಾಸಕ್ಕೆ ಹೋಗುವ ಮೊದಲೇ ಅದನ್ನೆಲ್ಲ ಮುಗಿಸಿಬಿಡಬೇಕು ಎಂದು ಹಗಲೆಲ್ಲ ಮಷಿನ್ ತುಳಿಯುತ್ತಿದ್ದಳು.

“ಇವಳೇ!” ಎಂದು ಅಪ್ಪ ಕುಳಿತಲ್ಲಿಂದಲೇ ಕೂಗಿದರು. “ನಿಂದು ಯಾವ ಸ್ಟಾಪು?”

“ನಂದೇನು? ನೀವೇ ನೋಡಿ,” ಎಂದಳು ಅಮ್ಮ. ಮಷಿನ್ ಸದ್ದು ನಿಲ್ಲಲಿಲ್ಲ.

“ಸರಿ, ಅವಳದು ಆಮೇಲೆ,” ಎಂದು ಅಪ್ಪ ಸಭೆ ಮುಗಿಸಿದರು.

ನೋಡಿದಿರಾ? ಕೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು. ಪ್ರಜಾಪ್ರಭುತ್ವಕ್ಕೆ ಒಂದು ಗೀರೂ ಬೀಳಲಿಲ್ಲ.

ಮರುದಿನ ಸ್ಕೂಲಿನಲ್ಲಿ ಲಾಯರಮ್ಮನ ನೆಮ್ಮದಿ ಹಾಳಾಯಿತು. ಹಾಳು ಮಾಡಿದವಳು ಅವಳ ಬೆಂಚಿನ ಗೆಳತಿ, ಕನ್ನಡಕದ ಹುಡುಗಿ.

“ಅದೇ ರೋಡಲ್ಲಿ ವಿಮಾನದ ಮ್ಯೂಸಿಯಂ ಇದೆಯಲ್ಲ, ಅದನ್ನ ಬಿಟ್ಟು ಮೊಸಳೆ ನೋಡ್ತೀಯಾ?” ಎಂದಳು ಆ ಗೆಳತಿ. “ಅಲ್ಲಿ ನಿಜವಾದ ಪೈಲಟ್ ಸೀಟಲ್ಲಿ ಕೂರಿಸ್ತಾರೆ ಕಣೇ. ಸ್ಟಿಯರಿಂಗ್ ತಿರುಗಿಸೋಕೂ ಬಿಡ್ತಾರೆ. ಪಾಪ, ನಿಮ್ಮನೇಲಿ ಯಾರಿಗೂ ಗೊತ್ತಿಲ್ಲ ಅನ್ಸುತ್ತೆ.”

“ಯಾಕೆ ಗೊತ್ತಿಲ್ಲ? ಅಲ್ಲಿಗೂ ಹೋಗ್ತಿದ್ದೀವಿ!” ಎಂದುಬಿಟ್ಟಳು ಲಾಯರಮ್ಮ. “ಪೈಲಟ್ ಸೀಟಲ್ಲಿ ಕೂತು ಫೋಟೊ ತಗೊಂಡು ತೋರಿಸ್ತೀನಿ. ನೋಡ್ತಿರು.”

ಮಧ್ಯಾಹ್ನದ ಹೊತ್ತಿಗೆ ಈ ಸುದ್ದಿ ಇಡೀ ತರಗತಿಗೆ ಹಬ್ಬಿತು. ಇನ್ನು ಹಿಂದಕ್ಕೆ ಸರಿಯುವಂತಿರಲಿಲ್ಲ. ಆದರೆ ತಲೆಗೆ ಒಂದೇ ಸ್ಟಾಪ್. ಮೊಸಳೆಗಳನ್ನು ಬಿಡಲೂ ಮನಸ್ಸಿಲ್ಲ. ಎರಡನೆಯ ಸ್ಟಾಪ್ ಎಲ್ಲಿಂದ ತರುವುದು?

ಮನೆಗೆ ನಡೆದು ಬರುವಾಗ ಅವಳಿಗೆ ಥಟ್ಟನೆ ಹೊಳೆಯಿತು. ಅಮ್ಮನ ಪಾಲು ಇದೆಯಲ್ಲ! ಯಾರೂ ಮುಟ್ಟದೆ ಹಾಗೇ ಬಿದ್ದಿದೆ.

ಅವಳು ಸೀದಾ ಒಳಕೋಣೆಗೆ ನುಗ್ಗಿದಳು. ಅಮ್ಮ ನೆಲದ ಮೇಲೆ ಕುಳಿತು ಲಂಗದ ನೆರಿಗೆಗಳಿಗೆ ಪಿನ್ನು ಚುಚ್ಚುತ್ತಿದ್ದಳು. ಇಂಥ ಹೊತ್ತಿನಲ್ಲಿ ಅಮ್ಮ ಬೇಕಾದ ಪಿನ್ನುಗಳನ್ನೆಲ್ಲ ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡಿರುತ್ತಾಳೆ. ಬಾಯಿ ತೆರೆದರೆ ಪಿನ್ನು ಉದುರುತ್ತದೆ.

“ಅಮ್ಮಾ, ನಿನ್ನ ಸ್ಟಾಪ್ ನನಗೆ ಕೊಟ್ಬಿಡು. ನಿನಗೆ ಹೇಗೂ ಎಲ್ಲಿಗೂ ಹೋಗಬೇಕು ಅಂತಿಲ್ಲವಲ್ಲ?”

ಅಮ್ಮ ತಲೆಯೆತ್ತಿ ನೋಡಿದಳು.

“ಕೊಡ್ತೀಯ ತಾನೆ?”

“ಹೂಂ,” ಎಂದು ಅಮ್ಮ ಮೂಗಿನಲ್ಲೇ ಸದ್ದು ಮಾಡಿ ತಲೆಯಾಡಿಸಿದಳು.

“ಥ್ಯಾಂಕ್ಸ್ ಅಮ್ಮಾ!” ಎಂದು ಲಾಯರಮ್ಮ ಕುಣಿಯುತ್ತ ಹೊರಗೆ ಓಡಿದಳು. ಕೇಕಿನ ತುಂಡನ್ನು ಸ್ಕೇಲ್ ಇಟ್ಟು ಅಳೆಯುವ ಈ ನ್ಯಾಯವಾದಿಗೆ, ಬಾಯಿ ತುಂಬ ಪಿನ್ನು ಕಚ್ಚಿಕೊಂಡವರ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಅಳೆಯಬೇಕು ಅನ್ನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಎರಡನೆಯ ಸಭೆ ಸೇರಿತು.

“ಒಂದು ಸಣ್ಣ ಬದಲಾವಣೆ,” ಎಂದು ಅಪ್ಪ ಗಂಟಲು ಸರಿಮಾಡಿಕೊಂಡರು. “ಅಣೆಕಟ್ಟು ಆದಮೇಲೆ ಬೆಟ್ಟದೊಳಗಿನ ಹೊಸ ಸುರಂಗ ರಸ್ತೆ ನೋಡ್ತೀವಿ. ಅಂಥ ರಸ್ತೆ ಎಲ್ಲೂ ಇಲ್ಲ.”

“ಭಾವ, ಒಬ್ಬರಿಗೆ ಒಂದೇ ಅಂದಿದ್ರಲ್ಲ?” ಎಂದ ಮಾವ.

“ನಂದು ಒಂದೇ ಕಣಯ್ಯ. ಸುರಂಗ ನಿಮ್ಮಕ್ಕನ ಲೆಕ್ಕದಲ್ಲಿ. ಅವಳ ಪಾಲು ನನಗೆ ಬಿಟ್ಟುಕೊಟ್ಟಿದ್ದಾಳೆ.”

“ಅದ್ಹೇಗೆ ಆಗುತ್ತೆ? ಅಕ್ಕ ತನ್ನ ಪಾಲು ನನಗೆ ಕೊಟ್ಟಿದ್ದಾಳೆ! ನಾನು ಸೂರ್ಯಾಸ್ತದ ಗುಡ್ಡ ಅಂತ ಫ್ರೆಂಡ್ಸಿಗೆಲ್ಲ ಹೇಳಿಬಿಟ್ಟಿದ್ದೀನಿ!”

“ಹಲೋ, ಒಂದ್ನಿಮಿಷ,” ಎಂದು ಅಣ್ಣ ಫೋನಿನಿಂದ ಮೂಗು ಎತ್ತಿದ. “ಅಮ್ಮ ನನಗೆ ಪ್ರಾಮಿಸ್ ಮಾಡಿದ್ದಾಳೆ. ಗ್ಲಾಸ್ ಬ್ರಿಡ್ಜ್.”

ಲಾಯರಮ್ಮ ದಡಕ್ಕನೆ ಎದ್ದು ನಿಂತಳು. “ಸುಳ್ಳು! ಅಮ್ಮ ಕೊಟ್ಟಿದ್ದು ನನಗೆ! ವಿಮಾನದ ಮ್ಯೂಸಿಯಂಗೆ!”

ನಾಲ್ವರಿಗೂ ಒಟ್ಟಿಗೇ ಸಿಟ್ಟು ಬಂತು. ಯಾರ ಮೇಲೆ ಬಂತು, ಹೇಳಿ ನೋಡೋಣ? ಕದ್ದುಮುಚ್ಚಿ ಒಳಕೋಣೆಗೆ ಹೋಗಿ ಬಂದ ತಮ್ಮ ತಮ್ಮ ಮೇಲೆಯೆ? ಅಷ್ಟು ಒಳ್ಳೆಯವರಾಗಿದ್ದರೆ ಈ ಕತೆಯನ್ನೇಕೆ ಬರೆಯಬೇಕಿತ್ತು!

“ಇವಳೇ, ಬಾ ಇಲ್ಲಿ!” ಎಂದು ಅಪ್ಪ ಕೂಗಿದರು. “ಒಂದೇ ಸೀಟನ್ನ ನಾಲ್ಕು ಜನಕ್ಕೆ ಕೊಡ್ತಾರೇನು? ಏನು ವ್ಯವಹಾರ ಇದು?”

ಅಮ್ಮ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತಳು.

“ಅಕ್ಕ, ನೀನು ಹೀಗೆ ಮಾಡ್ತೀಯ ಅಂದ್ಕೊಂಡಿರಲಿಲ್ಲ,” ಎಂದ ಮಾವ ನೊಂದವನಂತೆ.

“ನೀವೇ ಬಂದು ಕೇಳಿದ್ರಿ. ಯಾರಿಗೆ ಕೊಡಲ್ಲ ಅನ್ನಲಿ?” ಎಂದಳು ಅಮ್ಮ. “ಯಾರಾದ್ರೂ ಒಬ್ಬರು ಇಟ್ಕೊಳ್ಳಿ. ಜಗಳ ಆಡಬೇಡಿ. ನನಗೆ ಷರ್ಟಿನ ಗುಂಡಿಗೆ ಕಾಜಾ ಹಾಕೋದು ಇನ್ನೂ ಬೇಕಾದಷ್ಟಿದೆ.”

ಅಮ್ಮ ಒಳಗೆ ಹೋದಳು. ಜಗಳ ಮುಂದುವರಿಯಿತು. ಯಾರು ಮೊದಲು ಕೇಳಿದ್ದು, ಯಾರಿಗೆ ಅಮ್ಮ ನಕ್ಕು ಹೇಳಿದ್ದು, ಯಾರಿಗೆ ಬರೀ ತಲೆಯಾಡಿಸಿದ್ದು ಎಂದು ವಾದ ಬೆಳೆಯಿತು. ಕೊನೆಗೆ ಲಾಯರಮ್ಮನೇ ದಾರಿ ಹುಡುಕಿದಳು.

“ಚೀಟಿ ಎತ್ತೋಣ. ಅದೇ ನ್ಯಾಯ.”

ನಾಲ್ಕು ಚೀಟಿಗಳನ್ನು ಮಾವನ ಟೋಪಿಗೆ ಹಾಕಿ ಕುಲುಕಿದರು. ಅಪ್ಪ ಕಣ್ಣು ಮುಚ್ಚಿ ಒಂದನ್ನು ತೆಗೆದರು. ಬಿಡಿಸಿದರು. ಅವರ ಮುಖ ಇಳಿಯಿತು.

“ವಿಮಾನ,” ಎಂದರು.

ಲಾಯರಮ್ಮ ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ಚಾಚಿ ವಿಮಾನವಾದಳು. “ಮೋಸ,” ಎಂದು ಗೊಣಗುತ್ತಿದ್ದ ಅಣ್ಣನ ಎದುರಿಗೇ ಮ್ಯೂಸಿಯಂ ಮೇಲೆ ಪಿನ್ನು ಚುಚ್ಚಿದಳು. ಪೈಲಟ್ ಸೀಟು ಸಿಕ್ಕಿತ್ತು. ಗೆಳತಿಯ ಕನ್ನಡಕದೊಳಗಿನ ಕಣ್ಣು ದೊಡ್ಡದಾಗುವುದು ಈಗಲೇ ಕಾಣಿಸುತ್ತಿತ್ತು.

ಗೆದ್ದ ಖುಷಿಯನ್ನು ಯಾರ ಮುಂದಾದರೂ ಹೇಳಬೇಕಲ್ಲ. ಸೋತ ಮೂವರಿಗೆ ಕೇಳುವ ಉತ್ಸಾಹ ಇರಲಿಲ್ಲ. ಅವಳು ಮ್ಯಾಪ್ ಎತ್ತಿಕೊಂಡು ಅಮ್ಮನ ಬಳಿಗೆ ಹೋದಳು.

ಅಮ್ಮ ಕಾಜಾ ಹಾಕುತ್ತಿದ್ದಳು. ಇವತ್ತು ಬಾಯಲ್ಲಿ ಪಿನ್ನು ಇರಲಿಲ್ಲ.

“ನೋಡಮ್ಮ, ನಾನೇ ಗೆದ್ದಿದ್ದು! ಇಲ್ಲಿಂದ ಹೊರಟು, ಹೀಗೆ ಬಂದು, ಇಲ್ಲಿ ಮೊಸಳೆ, ಆಮೇಲೆ ಹೀಗೆ ಹೋದ್ರೆ ವಿಮಾನ!”

ಅಮ್ಮ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಮ್ಯಾಪಿನ ಮೇಲೆ ಬಾಗಿದಳು. ಲಾಯರಮ್ಮ ತೋರಿಸಿದ ದಾರಿಯ ಮೇಲೆ ಅವಳ ಬೆರಳು ನಿಧಾನವಾಗಿ ಸರಿಯಿತು. ನೀಲಿ ಬಣ್ಣದ ಅಂಚಿಗೆ ಬಂದಾಗ ನಿಂತಿತು.

“ಈ ರಸ್ತೆ ಸಮುದ್ರದ ಪಕ್ಕದಲ್ಲೇ ಹೋಗುತ್ತಾ?”

“ಹೋಗುತ್ತೆ. ಯಾಕೆ?”

“ಇಲ್ಲೊಂದು ಲೈಟ್‌ಹೌಸ್ ಇತ್ತು. ಈಗಲೂ ಇದೆಯೋ ಏನೋ.”

“ನಿನಗೆ ಹೇಗೆ ಗೊತ್ತು?”

“ನಿನ್ನಷ್ಟಿದ್ದಾಗ ಹೋಗಿದ್ವಿ. ಒಂದು ವ್ಯಾನ್ ತುಂಬ ಜನ. ನಮ್ಮಪ್ಪ, ದೊಡ್ಡಪ್ಪ, ಅತ್ತೆ, ಅವರ ಮಕ್ಕಳು. ನಿನ್ನ ಮಾವ ಆಗ ಇಷ್ಟುದ್ದ ಇದ್ದ. ಎಲ್ಲರೂ ಮೇಲೆ ಹತ್ತಿದ್ರು.”

“ಮೇಲಿಂದ ಏನೇನು ಕಾಣಿಸ್ತು? ಹಡಗು ಕಾಣಿಸ್ತಾ?”

“ನಾನೆಲ್ಲಿ ಹತ್ತಿದೆ?” ಎಂದು ಅಮ್ಮ ನಕ್ಕಳು. “ಅಷ್ಟೊಂದು ಚೀಲ ಇದ್ವು. ಮೆಟ್ಟಿಲು ಬಹಳ ಇಕ್ಕಟ್ಟು, ಚೀಲ ಮೇಲೆ ತರಬೇಡಿ ಅಂದ್ರು. ಯಾರಾದ್ರೂ ಒಬ್ಬರು ಕೂರಬೇಕಲ್ಲ?”

“ಅದಕ್ಕೆ ನೀನೇನಾ? ಮಾವನ್ನ ಕೂರಿಸಬೇಕಿತ್ತು!”

“ಅವನು ಅತ್ತುಬಿಡ್ತಿದ್ದ.”

“ಸರಿ, ಅವರು ಇಳಿದು ಬಂದಮೇಲೆ ನೀನು ಹೋಗಬಹುದಿತ್ತಲ್ಲ? ಅದೇ ನ್ಯಾಯ.”

“ಅವರು ಇಳಿಯೋ ಹೊತ್ತಿಗೆ ಬಾಗಿಲು ಹಾಕೋ ಟೈಮು. ನಿನ್ನ ಮಾವ ಮೇಲಿಂದ ಕೈ ಬೀಸಿದ, ಅದು ಕಾಣಿಸ್ತು. ಕೆಂಪು ಅಂಗಿ ಹಾಕ್ಕೊಂಡಿದ್ದ.” ಅಮ್ಮ ಮ್ಯಾಪಿನ ನೀಲಿಯನ್ನೇ ನೋಡುತ್ತಿದ್ದಳು. “ಕೆಳಗೆ ಬಂದಮೇಲೆ ಏನೇನು ನೋಡಿದ್ಯೋ ಅಂತ ಕೇಳಿದೆ. ‘ಎಲ್ಲಾ ಕಾಣುತ್ತೆ ಅಕ್ಕ. ನೀನೂ ಕಾಣಿಸಿದೆ, ಇರುವೆ ಥರ,’ ಅಂದ.”

ಲಾಯರಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಮತ್ತೆ ಅಪ್ಪ ಕೇಳಿದಾಗ ಲೈಟ್‌ಹೌಸ್ ಅಂತ ಯಾಕಮ್ಮ ಹೇಳಲಿಲ್ಲ?”

“ಅದರಲ್ಲೇನಿದೆ ಹೇಳೋಕೆ? ಬರೀ ಮೆಟ್ಟಿಲು,” ಎಂದು ಅಮ್ಮ ಮತ್ತೆ ಸೂಜಿ ಕೈಗೆ ತೆಗೆದುಕೊಂಡಳು. “ಹೋಗು, ಮ್ಯಾಪ್ ಜೋಪಾನ. ನಿಮ್ಮಪ್ಪ ಹುಡುಕ್ತಾರೆ.”

ಲಾಯರಮ್ಮ ಹೋಗಲಿಲ್ಲ. ಕಾಜಾದ ಅಂಚಿನಲ್ಲಿ ಸೂಜಿ ಮುಳುಗಿ ಏಳುವುದನ್ನು ನೋಡುತ್ತ ಕುಳಿತಳು. ನಾನೂ ಕೇಳಿದ್ದೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ನೋಡಿದಳು. ಏನು ಕೇಳಿದ್ದು? ‘ಕೊಡ್ತೀಯಾ’ ಎಂದು ಕೇಳಿದ್ದು. ‘ಎಲ್ಲಿಗೆ ಹೋಗಬೇಕಮ್ಮ’ ಎಂದು ಕೇಳಲಿಲ್ಲ. ಅದೂ ಬಾಯಿ ತೆರೆಯಲಾಗದ ಹೊತ್ತು ನೋಡಿ.

ಪೈಲಟ್ ಸೀಟು ಕಣ್ಣ ಮುಂದೆ ಬಂತು. ಹೊಳೆಯುವ ಗುಂಡಿಗಳು, ತಿರುಗುವ ಸ್ಟಿಯರಿಂಗ್. ಆಮೇಲೆ ಕನ್ನಡಕದ ಹುಡುಗಿ ಬಂದಳು. ‘ಎಲ್ಲೇ ಫೋಟೊ?’ ಎಂದು ಇಡೀ ತರಗತಿಯ ಎದುರಿಗೆ ಕೇಳಿದಳು.

ಆದರೂ ಲಾಯರಮ್ಮ ಮ್ಯೂಸಿಯಂ ಮೇಲಿನ ಪಿನ್ನನ್ನು ಕಿತ್ತಳು. ಹೊರಗೆ ಬಂದು ಮ್ಯಾಪನ್ನು ಮೇಜಿನ ಮೇಲೆ ಹರಡಿ, ನೀಲಿಯ ಅಂಚಿನಲ್ಲಿ ಚುಚ್ಚಿದಳು.

“ಇದು ಅಮ್ಮನ ಸ್ಟಾಪ್. ಲೈಟ್‌ಹೌಸ್.”

“ಇದೆಲ್ಲಿಂದ ಬಂತು?” ಎಂದರು ಅಪ್ಪ.

“ನಿನಗೆ ಮ್ಯೂಸಿಯಂ ಬೇಡವಾ? ಹಾಗಾದ್ರೆ ಗ್ಲಾಸ್ ಬ್ರಿಡ್ಜ್!” ಎಂದು ಅಣ್ಣ ಜಿಗಿದ.

“ಬೇಡ ಅಂತ ಅಲ್ಲ. ಅದು ನಂದಲ್ಲ. ನಿಂದೂ ಅಲ್ಲ.”

ಮಾವ ಬಗ್ಗಿ ನೋಡಿ ಮೂಗು ಮುರಿದ. “ಅಯ್ಯೋ, ಈ ಲೈಟ್‌ಹೌಸಾ? ನಾನು ನೋಡಿದ್ದೀನಿ. ಏನೂ ಇಲ್ಲ ಅಲ್ಲಿ, ಬರೀ ಮೆಟ್ಟಿಲು.”

“ನೀವು ಹತ್ತಿದ್ದೀರಲ್ಲ ಮಾವ, ಅದಕ್ಕೇ ನಿಮಗೆ ಬರೀ ಮೆಟ್ಟಿಲು,” ಎಂದಳು ಲಾಯರಮ್ಮ. “ಅಮ್ಮ ಹತ್ತಿಲ್ಲ. ಕೆಳಗೆ ನಿಮ್ಮ ಚೀಲ ಕಾಯ್ತಾ ಕೂತಿದ್ದಳು. ಇರುವೆ ಥರ.”

ಮಾವ ತನ್ನ ಟೋಪಿಯನ್ನು ಎತ್ತಿಕೊಂಡು ಒಳಗೆ ಉಳಿದಿದ್ದ ಚೀಟಿಗಳನ್ನು ಎಣಿಸತೊಡಗಿದ.

ಗಲಾಟೆ ಕೇಳಿ ಅಮ್ಮ ಬಾಗಿಲಿಗೆ ಬಂದಿದ್ದಳು. “ಅಯ್ಯೋ, ಸುಮ್ನೆ ಮಾತಿಗೆ ಹೇಳಿದ್ದು. ಮಗು ಮ್ಯೂಸಿಯಂ ನೋಡಲಿ ಬಿಡಿ,” ಎಂದಳು.

“ಆಗಲಿ, ಆಗಲಿ,” ಎಂದರು ಅಪ್ಪ ದೊಡ್ಡ ಮನಸ್ಸು ಮಾಡಿದವರಂತೆ. “ದಾರಿಯಲ್ಲೇ ಇದೆಯಲ್ಲ, ಒಂದರ್ಧ ಗಂಟೆ ನಿಲ್ಲಿಸೋಣ. ಅದು ಸರಿ, ಕಾರಿನ ಕ್ಯಾರಿಯರ್ ಮೇಲೆ ಸಾಮಾನು ಕಟ್ಟಿರ್ತೀವಲ್ಲ? ಎಲ್ಲರೂ ಮೇಲೆ ಹತ್ತಿಬಿಟ್ರೆ ಅದನ್ನ ಯಾರು ನೋಡ್ಕೋತಾರೆ?”

ಅಪ್ಪ, ಮಾವ, ಅಣ್ಣ ಮೂವರ ಕಣ್ಣುಗಳೂ ಒಟ್ಟಿಗೇ ಬಾಗಿಲ ಕಡೆಗೆ ತಿರುಗಿದವು. ಯಾರೂ ಹೇಳಿಕೊಟ್ಟಿರಲಿಲ್ಲ. ರೂಢಿ ಅವುಗಳನ್ನು ತಿರುಗಿಸಿತ್ತು.

ಅದಕ್ಕಿಂತ ಹೆಚ್ಚಿನದನ್ನು ಕೇಳಿ. “ನಾನಿರ್ತೀನಲ್ಲ,” ಎಂದವಳು ಅಮ್ಮನೇ.

ಲಾಯರಮ್ಮನಿಗೆ ಅಳು ಬಂದಂತಾಯಿತು. ಮೊಸಳೆ, ವಿಮಾನ, ಗೆಳತಿ, ಯಾವುದಕ್ಕೂ ಬಾರದ ಅಳು ಈ ಒಂದು ಮಾತಿಗೆ ಬಂತು.

“ನೀನಲ್ಲಮ್ಮ! ನೀನು ಮೇಲೆ. ಕೆಳಗೆ ನಾನಿರ್ತೀನಿ.”

“ಇಷ್ಟು ಸಣ್ಣ ಹುಡುಗಿಯನ್ನ ಒಬ್ಬಳೇ ರೋಡಲ್ಲಿ ಹೇಗೆ ಬಿಡೋದು?” ಎಂದರು ಅಪ್ಪ.

“ಆಗ ಅಮ್ಮನ್ನ ಅವರ ಮನೆಯವರು ಬಿಟ್ಟಿದ್ರಲ್ಲ? ಅವಳೂ ಇಷ್ಟೇ ಇದ್ದಳು. ನಿಮಗೆ ಭಯ ಆದ್ರೆ ನೀವೂ ನನ್ನ ಜೊತೆ ಕೂತ್ಕೊಳ್ಳಿ ಅಪ್ಪ.”

ಜನರಿಗೆ ದಿನವಿಡೀ ಗಾಡಿ ಓಡಿಸಲು ಕಲಿಸುವ ಅಪ್ಪನ ಮಾತಿನ ಗಾಡಿ ಅಲ್ಲೇ ಗಕ್ಕನೆ ನಿಂತಿತು. ಅವರು ಮ್ಯಾಪ್ ನೋಡಿದರು, ಸ್ಕೇಲ್ ನೋಡಿದರು. ಕೊನೆಗೆ, “ಹೂಂ. ಕೂರ್ತೀನಿ,” ಎಂದರು. ಅವರ ಬಾಯಲ್ಲಿ ಪಿನ್ನೇನೂ ಇರಲಿಲ್ಲ.

ಅಮ್ಮ ಮೇಜಿನ ಹತ್ತಿರಕ್ಕೆ ಬಂದಳು. ಬೇಡ ಎನ್ನುತ್ತಾಳೆ ಎಂದು ಲಾಯರಮ್ಮ ಕಾದಳು. ಮಂಡಿ ನೋವು ಎನ್ನಬಹುದು, ಹೊಲಿಗೆ ಬಾಕಿ ಎನ್ನಬಹುದು.

ಅಮ್ಮ ಮ್ಯಾಪಿನ ಮೇಲೆ ಬಗ್ಗಿ ನೀಲಿಯ ಅಂಚಿನ ಪಿನ್ನನ್ನು ಬೆರಳಿನಿಂದ ಮುಟ್ಟಿದಳು.

“ಮೇಲೆ ಗಾಳಿ ಜೋರಾಗಿರುತ್ತೇನೋ?” ಎಂದಳು. “ಸೀರೆ ಉಟ್ಟು ಹತ್ತೋಕೆ ಆಗುತ್ತಾ, ಅಥವಾ ಚೂಡಿದಾರ್ ಹಾಕ್ಕೊಳ್ಳಲಾ?”

ಹತ್ತಿ ಬಂದಿದ್ದ ಮಾವನಿಗೂ ಅಲ್ಲಿನ ಗಾಳಿ ನೆನಪಿರಲಿಲ್ಲ. ಆದರೆ ಅಮ್ಮ ಆಗಲೇ ಮೆಟ್ಟಿಲು ಹತ್ತಲು ಶುರು ಮಾಡಿದ್ದಾಳೆ ಎಂದು ಲಾಯರಮ್ಮನಿಗೆ ತಿಳಿಯಿತು. ಸೋಮವಾರ ಗೆಳತಿಗೆ ಏನು ಹೇಳುವುದು ಎಂಬ ಚಿಂತೆ ಹಾಗೇ ಇತ್ತು. ಅದು ಇರಲಿ ಎಂದು ಅವಳು ಸುಮ್ಮನಾದಳು.

ನೀವೂ ರಜೆಯಲ್ಲಿ ಎಲ್ಲಿಗಾದರೂ ಹೋಗುತ್ತೀರಿ. ಅಲ್ಲೊಂದು ಗುಡ್ಡವೋ ಗೋಪುರವೋ ಇರುತ್ತದೆ. ಓಡಿ ಹತ್ತುವ ಮೊದಲು ಒಮ್ಮೆ ತಿರುಗಿ ನೋಡಿ. ನಿಮ್ಮ ಚೀಲಗಳ ನಡುವೆ ಯಾರೋ ಕುಳಿತಿರುತ್ತಾರೆ. ವಾಪಸು ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ, ‘ನೀನು ಹೋಗಿ ಬಾ’ ಎನ್ನಿ. ‘ನಂಗೇನೂ ಬೇಡಪ್ಪ’ ಎಂದೇ ಅವರು ಹೇಳುತ್ತಾರೆ. ಆಗ ದಯವಿಟ್ಟು ಎದ್ದು ಓಡಬೇಡಿ. ಕುಳಿತೇ ಇರಿ.